ಎಡಗಡೆಯ ಹನ್ನೊಂದು ಹೆಜ್ಜೆ

ಬೆಳಿಗ್ಗೆ ಎದ್ದಾಗಿನಿಂದ ನಜಾರ್ ಲೊಬಾಚನಿಗೆ ತನ್ನ ಎಡಗಾಲು ಯಾರೋ ತಂದು ಮಂಚದ ಮೇಲೆ ಇಟ್ಟುಹೋದ ವಸ್ತುವಿನಂತೆ ಕಾಣುತ್ತಿತ್ತು. ನೋವಿರಲಿಲ್ಲ. ಮಂಚದ ಅಂಚಿನಲ್ಲಿ ಕೂತು ಮೊಣಕಾಲ ಕೆಳಗಿನ ಹಳೆಯ ಗಾಯದ ಬಿಳಿ ಗೆರೆಯನ್ನೂ ಬೂಟು ತಿಂದ ಹೆಬ್ಬೆರಳ ಉಗುರನ್ನೂ ನೋಡುತ್ತ ಇದ್ದುಬಿಟ್ಟಿದ್ದ. ಕಿಟಕಿಯ ಆಚೆ ಅಜೋವ್ ಕಡಲು ಇರಬೇಕಾದ ಕಡೆ ಬರೀ ಮಂಜು. ಮಂಜಿನ ಒಳಗೆಲ್ಲೋ ಬಂದರಿನ ಕ್ರೇನು ಒಮ್ಮೆ ಕಿರುಗುಟ್ಟಿ, ತಾನು ಕಿರುಗುಟ್ಟಿದ್ದು ತಪ್ಪಾಯಿತೆಂಬಂತೆ ಸುಮ್ಮನಾಗುತ್ತಿತ್ತು. ಹೆಂಡತಿ ಲುಕೇರ್ಯಾ ಮೀನಿನ ಕಾರ್ಖಾನೆಗೆ ಹೊರಡುವ ಅವಸರದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಅವಳ ಕೈಯಿಂದ, ಕೂದಲಿನಿಂದ, ಅವಳು ಮುಟ್ಟಿದ ಬ್ರೆಡ್ಡಿನಿಂದಲೂ ಉಪ್ಪುಮೀನಿನ ವಾಸನೆ ಬರುತ್ತಿತ್ತು. ಈ ವಾಸನೆ ಇಲ್ಲದ ಮನೆಯನ್ನು ಅವನಿಗೆ ಈಗ ಊಹಿಸಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ.

"ಏನದು, ಕಾಲನ್ನ ಇವತ್ತೇ ಮೊದಲು ನೋಡ್ದೋನ ಥರ ನೋಡ್ತಿದೀಯ?"

"ಏನಿಲ್ಲ."

"ಭಾನುವಾರ ರೋಸ್ತೊವ್‌ನೋರು ಫುಟ್‌ಬಾಲ್ ಪಂದ್ಯಕ್ಕೆ ಬರ್ತಾರೆ. ನಮ್ಮ ಕಾರ್ಖಾನೆ ಹೆಂಗಸರೆಲ್ಲ ನೋಡೋಕೆ ಬರ್ತಾರಂತೆ. ಈ ಸಲನಾದ್ರೂ ನೆಟ್ಟಗೆ ಓಡು ಮಾರಾಯ. ನಿನ್ನ ಗಂಡ ಮದುವೆ ಮನೇಲಿ ಕುಡಿದೋನ ಹಾಗೆ ಸೊಟ್ಟ ಓಡ್ತಾನೆ ಅಂತ ಆಡ್ಕೋತಾರೆ ನನ್ನ."

ಅವನು ನಕ್ಕ. ನಗಬೇಕಾದಲ್ಲಿ ನಗುವುದನ್ನು ಅವನು ಚೆನ್ನಾಗಿ ಕಲಿತಿದ್ದ. ಅವಳು ಹೋದ ಮೇಲೆ ಜೋಳದ ಹಿಟ್ಟು ಬೆರೆಸಿದ ಕಪ್ಪು ಬ್ರೆಡ್ಡಿನ ತುಂಡನ್ನು ಅಂಗಿಯ ಒಳಗಿಟ್ಟುಕೊಂಡು ಮೈದಾನದ ಕಡೆ ಇಳಿದ. ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಹಿಂದಿನ ಚಳಿಗಾಲದ ಹಸಿವು ಬೀದಿಯ ಜನರ ಕೆನ್ನೆಗಳಲ್ಲಿ ಇನ್ನೂ ಗುಳಿಯಾಗಿ ಕೂತಿತ್ತು. ಆದರೆ ಅವನನ್ನು ಕಂಡರೆ ಆ ಕೆನ್ನೆಗಳೂ ಅರಳುತ್ತಿದ್ದವು. ಹುಳಿ ಬ್ರೆಡ್ಡಿನ ಪಾನಕ ಕ್ವಾಸ್ ಮಾರುವ ಪೀಪಾಯಿಯ ಹಿಂದಿನ ಮುದುಕಿ ಲೋಟ ತೊಳೆಯುತ್ತಲೇ, "ಏ ಲೊಬಾಚ್, ಇವತ್ತು ನಿನ್ನ ತಿರುವು ನೋಡ್ಕೊಂಡು ಹೋಗು, ರಸ್ತೇಲೂ ತಿರುಗಿಬಿಟ್ಟೀಯ!" ಎಂದಳು. ಅದಕ್ಕೂ ನಕ್ಕ.

ತಿರುವು. ಊರಿಗೆಲ್ಲ ಗೊತ್ತಿದ್ದ ತಿರುವು ಅದು. ಅವನು ಬಂದರು ತಂಡದ ಎಡ ಅಂಚಿನಲ್ಲಿ ಆಡುತ್ತಿದ್ದ. ಚೆಂಡು ಕಾಲಿಗೆ ಅಂಟಿಕೊಂಡು, ಅಂಚಿನ ಸುಣ್ಣದ ಗೆರೆಯ ಪಕ್ಕದಲ್ಲೇ ಗಾಳಿಯಂತೆ ಹೋಗುತ್ತಿದ್ದವನು ಕಡಲ ಕಡೆಯ ಮೂಲೆ ಇನ್ನು ಹನ್ನೊಂದು ಹೆಜ್ಜೆ ಇದೆ ಎನ್ನುವಾಗ, ಎದುರಿಗೆ ಯಾರೂ ಇಲ್ಲದಿದ್ದರೂ, ಒಳಗೆ ಬಾಗುತ್ತಿದ್ದ. ಬಿಲ್ಲಿನಂತೆ ಬಾಗಿ ಆ ಹನ್ನೊಂದು ಹೆಜ್ಜೆಗಳ ಜಾಗವನ್ನು ಸುತ್ತಿಕೊಂಡು ಆಚೆ ಮುಟ್ಟುತ್ತಿದ್ದ. ಸೈನ್ಯದಿಂದ ಮರಳಿದ ಮೊದಲ ವರ್ಷ ಇದನ್ನು ಜನ ಜಾಣತನವೆಂದುಕೊಂಡರು. ಎದುರಾಳಿಗಳು ಮೋಸಹೋಗಿ ಬಿದ್ದರು, ಅವನು ಒಂಬತ್ತು ಗೋಲು ಹೊಡೆದ, ಪತ್ರಿಕೆಯಲ್ಲಿ ಹೆಸರು ಬಂತು. ಎರಡನೆಯ ವರ್ಷಕ್ಕೆ ಎಲ್ಲ ತಂಡಗಳಿಗೂ ಗೊತ್ತಾಯಿತು. ಅವನು ಬಾಗುವ ಜಾಗದಲ್ಲಿ ಒಬ್ಬ ಸುಮ್ಮನೆ ಕಾಯುತ್ತ ನಿಂತಿರುತ್ತಿದ್ದ, ಬಸ್ಸಿಗೆ ಕಾಯುವವನ ಹಾಗೆ. ಚೆಂಡು ಹೋಗುತ್ತಿತ್ತು. ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಮೇಲಿಂದ ಸೂರ್ಯಕಾಂತಿ ಬೀಜದ ಸಿಪ್ಪೆಯ ಜೊತೆ ನಗು ಉದುರುತ್ತಿತ್ತು. ಆ ನಗುವಿನಲ್ಲಿ ಅವನಿಗೆ ವಿಚಿತ್ರವಾದ ಒಂದು ನೆಮ್ಮದಿಯೂ ಇತ್ತು. ಇದು ನನಗೆ ಸಲ್ಲಬೇಕಾದ್ದೇ, ಇದಕ್ಕಿಂತ ಹೆಚ್ಚು ಸಲ್ಲಬೇಕು, ಇವರು ಕಡಿಮೆ ಕೊಡುತ್ತಿದ್ದಾರೆ ಎಂದುಕೊಂಡು ತಲೆ ತಗ್ಗಿಸಿ ವಾಪಸು ಓಡುತ್ತಿದ್ದ.

ಮೈದಾನದ ಬಾಗಿಲಲ್ಲಿ ಮುದುಕ ಸ್ಪಿರಿದೋನ್ ಮಗುಚಿದ ಬಕೆಟ್ಟಿನ ಮೇಲೆ ಕೂತು ಒಣಗಿದ ಮೀನನ್ನು ಕಲ್ಲಿಗೆ ಬಡಿದು ಮೆತ್ತಗೆ ಮಾಡುತ್ತಿದ್ದ. ಅವನು ಗ್ರೀಕ, ಮೂವತ್ತು ವರ್ಷದಿಂದ ಈ ಹುಲ್ಲನ್ನು ಸಾಕಿದವನು. ಜರ್ಮನರು ಊರಲ್ಲಿದ್ದ ಎರಡು ವರ್ಷ ಕೂಡ ಕದ್ದು ಬಂದು ಗೋಲಿನ ಕಂಬಗಳನ್ನು ಯಾರೂ ಸೌದೆಗೆ ಕಡಿಯದಂತೆ ನೋಡಿಕೊಂಡಿದ್ದನೆಂದು ಹೇಳುತ್ತಿದ್ದರು. ಮೈದಾನದ ಕಲ್ಲುರುಳೆ ಎಳೆಯುವ ಅವನ ಮುದಿ ಕುದುರೆ ಗೋಡೆಯ ನೆರಳಿನಲ್ಲಿ, ಹಲ್ಲುಜ್ಜಿದ ಹಾಗೆ, ಏನೂ ಇಲ್ಲದ್ದನ್ನು ಅಗಿಯುತ್ತಿತ್ತು.

"ಇವಳಿಗೆ ಇವತ್ತು ನಿವೃತ್ತಿ," ಎಂದ ಸ್ಪಿರಿದೋನ್ ಕುದುರೆಯನ್ನು ತೋರಿಸಿ. "ಮಧ್ಯಾಹ್ನ ರೋಲರ್ ಬರುತ್ತಂತೆ. ಎಂಜಿನ್ ರೋಲರ್. ಎಂಟು ಟನ್. ರಸ್ತೆಯೋರ ಹತ್ರ ನಮ್ಮ ಮೈದಾನದ ನಿರ್ದೇಶಕರು ಕಾಲು ಹಿಡಿದು ತಂದಿದಾರೆ. ಭಾನುವಾರದ ಹೊತ್ತಿಗೆ ಮೈದಾನ ಮೇಜಿನ ಹಾಗಿರಬೇಕಂತೆ."

"ಎಷ್ಟು ಟನ್?"

"ಎಂಟು. ಕಿವಿ ಕೇಳಿಸಲ್ವಾ? ಎಂಟು. ನಿನ್ನ ಅತ್ತೆಗಿಂತ ಸ್ವಲ್ಪ ಕಮ್ಮಿ."

ಎಂಟು ಎನ್ನುವ ಮಾತು ನಜಾರನ ಒಳಗೆ ಬಾವಿಗೆ ಬಿದ್ದ ಕಲ್ಲಿನಂತೆ ಬಹಳ ಹೊತ್ತು ಬೀಳುತ್ತಲೇ ಇತ್ತು. ಮಂಜು ಸ್ವಲ್ಪ ಹರಿದು ಮೈದಾನ ಕಾಣಿಸಿತು, ಹಸಿರು, ಒದ್ದೆ, ನಿದ್ದೆಯಲ್ಲಿರುವ ಹಸುವಿನ ಮೈಯಂತೆ ಮೆಲ್ಲಗೆ ಉಸಿರಾಡುತ್ತಿತ್ತು. ಆವತ್ತು ಹುಲ್ಲು ಹೀಗಿರಲಿಲ್ಲ, ಒಣಗಿ ಮೊಣಕಾಲುದ್ದ ಬೆಳೆದಿತ್ತು. ನಾಲ್ಕು ವರ್ಷದ ಹಿಂದೆ, ಆಗಸ್ಟ್ ತಿಂಗಳ ಕೊನೆ, ಜರ್ಮನರು ಊರು ಬಿಟ್ಟು ಎರಡು ದಿನವಾಗಿತ್ತು. ಸಾರ್ಜೆಂಟ್ ನಜಾರ್ ಲೊಬಾಚ್ ಮತ್ತು ಅವನ ಜೊತೆಗಾರ ಯೆಫಿಮ್ ಗ್ರೆಬೆನ್ ಉದ್ದನೆಯ ಕಬ್ಬಿಣದ ಮುಳ್ಳು ಹಿಡಿದು ಬೆಳಗಿನಿಂದ ಮೊಣಕಾಲೂರಿ ನೆಲವನ್ನು ಚುಚ್ಚುತ್ತ ಬಂದಿದ್ದರು. ಓರೆಯಾಗಿ, ಮೆಲ್ಲಗೆ, ಮಲಗಿದವರನ್ನು ಎಬ್ಬಿಸದ ಹಾಗೆ. ಕಡಲ ಕಡೆಯ ಗೋಡೆ ಬಿದ್ದಿದ್ದರಿಂದ ಅಲ್ಲಿಂದ ಟ್ಯಾಂಕುಗಳು ನುಗ್ಗಿಯಾವೆಂದು ಶತ್ರುಗಳು ಅಂಚಿನುದ್ದಕ್ಕೂ ನೆಲಬಾಂಬುಗಳನ್ನು ಹೂತಿದ್ದರು. ಮನುಷ್ಯ ಹತ್ತಿ ಕುಣಿದರೂ ಅಲುಗದ, ಲಾರಿಯೋ ಟ್ಯಾಂಕೋ ಹತ್ತಿದರೆ ಮಾತ್ರ ಬಾಯಿ ಬಿಡುವ ಜಾತಿ. ನಾಲ್ಕು ಹೆಜ್ಜೆಗೆ ಒಂದರಂತೆ ಏಳು ತೆಗೆದಿದ್ದರು. ಎಂಟನೆಯದು ಇರುವುದಾದರೆ ಇರಬೇಕಾದ ಜಾಗಕ್ಕೆ ನಜಾರ್ ಬರುವಷ್ಟರಲ್ಲಿ ಸಂಜೆಯಾಗಿತ್ತು. ಯೆಫಿಮ್ ಮೆಟ್ಟಿಲುಗಳ ಕೆಳಗಿನ ಕೋಣೆಯಿಂದ ಏನನ್ನೋ ಎತ್ತಿಕೊಂಡು ಕೂಗುತ್ತ ಬಂದ. ಒಂದು ಫುಟ್‌ಬಾಲಿನ ಚರ್ಮ, ಒಳಗಿನ ರಬ್ಬರ್ ಇಲ್ಲದ್ದು. ಇಬ್ಬರೂ ಅದಕ್ಕೆ ಹರಿದ ಚಿಂದಿ ತುಂಬಿದರು. ನಜಾರ್ ಎರಡು ವರ್ಷದಿಂದ ಚೆಂಡು ಮುಟ್ಟಿರಲಿಲ್ಲ. ಮುಳ್ಳನ್ನು ನೆಲಕ್ಕೆ ಸಿಕ್ಕಿಸಿ ಎದ್ದ. ಯೆಫಿಮ್ ಗೋಲಿನಲ್ಲಿ ನಿಂತ. ಅರ್ಧ ಗಂಟೆಯೋ, ಇನ್ನೂ ಹೆಚ್ಚೋ. ಚಿಂದಿಯ ಚೆಂಡು ಪುಟಿಯುತ್ತಿರಲಿಲ್ಲ, ಧಪ್ಪೆಂದು ಬೀಳುತ್ತಿತ್ತು, ಆದರೂ ಆ ಅರ್ಧ ಗಂಟೆಯಲ್ಲಿ ಅವನು ಇಡೀ ಯುದ್ಧದಲ್ಲಿ ಇದ್ದುದಕ್ಕಿಂತ ಹೆಚ್ಚು ಬದುಕಿದ್ದ, ಅದು ಸುಳ್ಳಲ್ಲ. ಬೆಳಕು ಹೋದಾಗ ಕಮಾಂಡರನ ಜೀಪು ಬಂತು. "ಆ ಮೂಲೆ ಆಯ್ತಾ?" ಎಂದು ಯೆಫಿಮ್ ಕೇಳಿದ. "ಆಯ್ತು" ಎಂದ ನಜಾರ್. ಅಷ್ಟೇ. ಯೆಫಿಮನ ಅಕ್ಷರ ದುಂಡಗಿತ್ತು, ಅವನೇ ಗೋಡೆಯ ಮೇಲೆ ಕಪ್ಪು ಬಣ್ಣದಲ್ಲಿ ಬರೆದ: ಪರೀಕ್ಷಿಸಲಾಗಿದೆ. ನೆಲಬಾಂಬುಗಳಿಲ್ಲ. ಸಾರ್ಜೆಂಟ್ ಲೊಬಾಚ್. ಕಾಗದಕ್ಕೆ ನಜಾರ್ ಸಹಿ ಹಾಕಿದ. ಎರಡು ವಾರದ ನಂತರ ಒಂದು ಹೊಳೆಯ ದಂಡೆಯಲ್ಲಿ ಯೆಫಿಮ್ ಸತ್ತ. ಆ "ಆಯ್ತು" ಎಂಬ ಮಾತು ಕೇಳಿದವರು ಆಮೇಲೆ ಭೂಮಿಯ ಮೇಲೆ ಯಾರೂ ಉಳಿಯಲಿಲ್ಲ.

"ಏ ನಜಾರ್, ನಿಂತಲ್ಲೇ ಬೇರು ಬಿಟ್ಯಾ?" ಗೋಲ್‌ಕೀಪರ್ ಮಕಾರ್ ಬೆನ್ನಿಗೆ ಗುದ್ದಿ ಹೋದ. ಹುಡುಗರೆಲ್ಲ ಆಗಲೇ ಓಡುತ್ತಿದ್ದರು. ನಜಾರನೂ ಓಡಿದ. ಅಭ್ಯಾಸವೆಂದರೆ ಅವನಿಗೆ ಇಷ್ಟ, ಏಕೆಂದರೆ ಅಲ್ಲಿ ಯಾರೂ ಮೆಟ್ಟಿಲ ಮೇಲಿರುವುದಿಲ್ಲ, ಓಟ ಉಸಿರಿನ ಜೊತೆ ಬೆರೆತು ತಾನೇ ಇಲ್ಲವಾಗುತ್ತದೆ. ಆದರೆ ಇವತ್ತು ಪ್ರತಿ ಸುತ್ತಿನಲ್ಲೂ ಆ ಮೂಲೆ ಬರುತ್ತಿತ್ತು, ಅವನ ಬೂಟುಗಳೇ ಸವೆಸಿದ ಬೋಳು ಬಿಲ್ಲು ಹುಲ್ಲಿನ ನಡುವೆ ಕಾಣುತ್ತಿತ್ತು, ಅದರಾಚೆ ಅವನು ಮುಟ್ಟದ ಹನ್ನೊಂದು ಹೆಜ್ಜೆ ಹಸಿರು. ಇನ್ನೊಬ್ಬರು ಅಲ್ಲಿ ಓಡುತ್ತಿರಲಿಲ್ಲವೆಂದಲ್ಲ. ಎಲ್ಲರೂ ಓಡುತ್ತಿದ್ದರು. ಅವರ ಭಾರಕ್ಕೆ ಏನೂ ಆಗುವುದಿಲ್ಲವೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಯಾರಾದರೂ ಆ ಕಡೆ ಹೋದಾಗಲೆಲ್ಲ ಅವನ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತಿತ್ತು. ಮತ್ತು ಎಂಟನೆಯದು ಇದ್ದೇ ಇದೆಯೆಂದು ಹೇಳುವುದಾದರೂ ಹೇಗೆ? ಸಾಲು ಏಳಕ್ಕೇ ಮುಗಿದಿದ್ದರೆ? ಪೋಲೆಂಡಿನ ಕಂದಕಗಳಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ, ಲುಕೇರ್ಯಾಳ ಪಕ್ಕದಲ್ಲಿ, ಅವನು ಆ ಜಾಗವನ್ನು ಕನಸಿನಲ್ಲಿ ಎಷ್ಟು ಸಲ ಚುಚ್ಚಿದ್ದನೆಂದರೆ, ಕೆಲವೊಮ್ಮೆ ಬೆಳಗಿನ ಜಾವ ತಾನು ಆವತ್ತೇ ಚುಚ್ಚಿ ನೋಡಿದ್ದೆನೆಂಬುದು ಖಚಿತವಾಗಿಬಿಡುತ್ತಿತ್ತು. ಮಣ್ಣಿನ ಮೆದುತನ, ಮುಳ್ಳಿನ ತಂಪು, ಎಲ್ಲ ಕೈಗೆ ನೆನಪಿತ್ತು. ಹಲ್ಲುಜ್ಜುವಷ್ಟರಲ್ಲಿ ಆ ಖಚಿತತೆ ಕರಗುತ್ತಿತ್ತು. ಊರಿಗೊಂದು ಪತ್ರ ಬರೆಯಬೇಕೆಂದು ಎಷ್ಟೋ ಸಲ ಪೆನ್ಸಿಲ್ ನೆಕ್ಕಿದ್ದ. ಪತ್ರ ಶುರುವಾಗುತ್ತಿದ್ದುದು ಯಾವಾಗಲೂ ಹವಾಮಾನದಿಂದ, ಮುಗಿಯುತ್ತಿದ್ದುದೂ ಅಲ್ಲೇ.

ಮಧ್ಯಾಹ್ನಕ್ಕೆ ಮಂಜು ಪೂರ್ತಿ ಎದ್ದುಹೋಯಿತು. ರಸ್ತೆಯ ಕಡೆಯಿಂದ ಒಂದು ಗುಡುಗು ಮುರಿಯದೆ ಬರತೊಡಗಿತು. ನಜಾರ್ ಬೂಟು ಬಿಚ್ಚದೆ ನಿರ್ದೇಶಕ ಕೊರ್ನೇಯ್ ಫೊಮಿಚನ ಕೋಣೆಗೆ ಹೋದ. ಕೊರ್ನೇಯ್ ಫೊಮಿಚ್ ಕೆಟ್ಟವನಲ್ಲ, ಮಾತು ಹೆಚ್ಚು. ಇಬ್ಬರು ಗಂಡುಮಕ್ಕಳನ್ನು ಯುದ್ಧದಲ್ಲಿ ಕಳೆದುಕೊಂಡ ಮೇಲೆ ಸುಮ್ಮನಿರುವುದಕ್ಕೆ ಹೆದರಿದವನ ಹಾಗೆ ಮಾತಾಡುತ್ತಿದ್ದ.

"ಬಾ ಬಾ ನಜಾರ್ ಸಾವೆಲಿಚ್! ನಿನ್ನನ್ನೇ ನೆನಸ್ಕೋತಿದ್ದೆ. ಕೂತ್ಕೋ. ಭಾನುವಾರ ರೋಸ್ತೊವ್‌ನ ದೊಡ್ಡೋರು ಬರ್ತಿದಾರೆ, ಗೊತ್ತಲ್ಲ? ಗೋಡೆ ಮೇಲೆ ನಿನ್ನ ಹೆಸರಿದೆಯಲ್ಲ, ಅದರ ಸುತ್ತ ಸುಣ್ಣ ಬಳಿಸ್ತಿದೀನಿ. ಅಕ್ಷರ ಮಾಸಿದೆ. ಭಾನುವಾರ ಎಲ್ಲರ ಮುಂದೆ ನೀನೇ ಅದಕ್ಕೆ ಬಣ್ಣ ತೀಡಬೇಕು. ಯಾವ ಊರಲ್ಲಿದೆ ಹೇಳು ಇಂಥದ್ದು? ಮೈದಾನ ಉಳಿಸಿದೋನೇ ಮೈದಾನದಲ್ಲಿ ಆಡೋದು!"

"ಕೊರ್ನೇಯ್ ಫೊಮಿಚ್, ಆ ಎಡಗಡೆ ಮೂಲೆ..."

"ಗೊತ್ತು, ಗೊತ್ತು, ಅಲ್ಲಿ ನೀರು ನಿಲ್ಲುತ್ತೆ. ಅದಕ್ಕೇ ಅಲ್ವೇನೋ ರೋಲರ್ ತರಿಸಿದ್ದು? ಇನ್ನು ಮೇಲೆ ನಿನಗೆ ಬಾಗೋ ಕೆಲಸ ಇಲ್ಲ." ಅವನು ನಕ್ಕು ಮೇಜಿನ ಮೇಲಿಂದ ಒಂದು ಫೋಟೋ ಮುಂದೆ ತಳ್ಳಿದ. ನಜಾರ್ ಗಾಳಿಯಲ್ಲಿದ್ದ ಫೋಟೋ, ಬಾಯಿ ತೆರೆದಿತ್ತು. "ಇದಕ್ಕೊಂದು ಸಹಿ ಹಾಕು. ಅತಿಥಿಗಳಿಗೆ ಕೊಡೋಕೆ."

ನಜಾರನ ಕೈ ಪೆನ್ನು ತೆಗೆದುಕೊಂಡಿತು. ಬರೆಯುವಾಗ ಅವನಿಗೆ ತನ್ನ ಕೈ ಎಷ್ಟು ವಿಧೇಯವಾದದ್ದು, ಯಾರು ಏನು ಮುಂದಿಟ್ಟರೂ ಹೆಸರು ಬರೆದು ಕೊಡುವ ಈ ಕೈಯನ್ನು ಎಲ್ಲಿ ಬಿಟ್ಟುಹೋಗಲಿ ಎನ್ನಿಸಿತು. ಶಾಯಿ ಒಣಗಲೆಂದು ಕೊರ್ನೇಯ್ ಫೊಮಿಚ್ ಫೋಟೋದ ಮೇಲೆ ಮಗುವಿನ ಗಾಯಕ್ಕೆ ಊದುವಂತೆ ಊದಿದ. "ಇನ್ನೇನಾದ್ರೂ ಇತ್ತಾ?" "ಏನಿಲ್ಲ," ಎಂದು ನಜಾರ್ ಹೊರಬಂದ. ಬಾಗಿಲ ಹೊರಗೆ ನಿಂತು ಮತ್ತೆ ಒಳಗೆ ಹೋಗಬೇಕೆಂದುಕೊಂಡ. ಒಳಗೆ ಕೊರ್ನೇಯ್ ಫೊಮಿಚ್ ಟೆಲಿಫೋನಿನಲ್ಲಿ ಯಾರಿಗೋ "ಮೇಜಿನ ಹಾಗೆ, ಮೇಜಿನ ಹಾಗೆ" ಎನ್ನುತ್ತಿದ್ದ.

ರೋಲರ್ ಬಲಗಡೆಯ ಗೋಲಿನಿಂದ ಶುರು ಮಾಡಿತ್ತು. ಅದನ್ನು ಓಡಿಸುತ್ತಿದ್ದವಳು ಉಸ್ತಿನ್ಯಾ ಎಂಬ ನಲವತ್ತರ ಹೆಂಗಸು, ಗಂಡಸರ ಕೋಟು ತೊಟ್ಟಿದ್ದಳು, ಬಾಯಲ್ಲಿ ಬೀಜ ಅಗಿಯುತ್ತ ಸಿಪ್ಪೆಯನ್ನು ಗಾಳಿಗೆ ಉಗಿಯುತ್ತ ಅಡ್ಡಡ್ಡ ಬರುತ್ತಿದ್ದಳು. ಒಂದು ಗೆರೆ ಹೋಗಿ, ತಿರುಗಿ, ಪಕ್ಕದ ಗೆರೆಯಲ್ಲಿ ವಾಪಸು. ಹಿಂದೆ ಹುಲ್ಲು ಕಡು ಹಸಿರು ಪಟ್ಟೆಯಾಗಿ ಮಲಗುತ್ತಿತ್ತು. ಹುಡುಗರು ಮೆಟ್ಟಿಲ ಮೇಲೆ ಕೂತು ಅವಳನ್ನು ಕೆಣಕುತ್ತಿದ್ದರು. "ಉಸ್ತಿನ್ಯಾ ಅಕ್ಕ, ನಮ್ಮ ಮಕಾರನ ಹೊಟ್ಟೆ ಮೇಲೂ ಒಂದ್ಸಲ ಓಡ್ಸು!" "ಅವನ ಹೊಟ್ಟೇಲೇನಿದೆ ಚಪ್ಪಟೆ ಮಾಡೋಕೆ? ಗೋಲು ತಿಂದು ತಿಂದೇ ಊದಿರೋದು ಅದು!" ನಜಾರ್ ಸುಣ್ಣದ ಗೆರೆಯ ಆಚೆ ನಿಂತಿದ್ದ. ಬಿಸಿಲು ಮೆಲ್ಲಗೆ ಬೆಣ್ಣೆಯಂತೆ ಹರಡಿತ್ತು. ಎಂಜಿನ್ನಿನ ಸದ್ದು ನಿದ್ದೆ ತರಿಸುವಂಥದು, ತೊಟ್ಟಿಲ ಪಕ್ಕ ಯಾರೋ ಒಂದೇ ಸ್ವರದಲ್ಲಿ ಗುನುಗುತ್ತಿರುವಂಥದು, ಅವನ ರೆಪ್ಪೆ ಭಾರವಾದವು. ರೋಲರ್ ಮೈದಾನದ ನಡುವಿನ ಗೆರೆ ದಾಟಿತು. ಅವನಿಗೆ ಯೆಫಿಮ್ ಗೋಲಿನಲ್ಲಿ ನಿಂತು ತೋಳು ಚಾಚಿದ್ದು ಕಾಣಿಸಿತು, ಯೆಫಿಮನ ಹಿಂದೆ ಬಲೆಯಿರಲಿಲ್ಲ, ಕಡಲೇ ಇತ್ತು, ಚೆಂಡು ಒಳಗೆ ಹೋದರೆ ಕಡಲಿಗೇ ಹೋಗಬೇಕಿತ್ತು. ಇನ್ನು ಒಂಬತ್ತು ಪಟ್ಟೆ. ಏನೂ ಆಗದಿರಬಹುದು. ನಾಲ್ಕು ಚಳಿಗಾಲ ನೆನೆದಿದೆ, ತುಕ್ಕು ತಿಂದಿದೆ, ಅಥವಾ ಇಲ್ಲವೇ ಇಲ್ಲ. ಸುಮ್ಮನಿದ್ದರೆ ಸಂಜೆಯೊಳಗೆ ಇಡೀ ಜೀವನಕ್ಕೆ ಉತ್ತರ ಸಿಗುತ್ತದೆ, ತಾನೇನೂ ಮಾಡದೆ, ಬೇರೆಯವರ ಕೈಯಲ್ಲಿ. ಈ ಯೋಚನೆ ಎಷ್ಟು ಹಿತವಾಗಿತ್ತೆಂದರೆ ಅವನು ಸುಮಾರು ಮೂರು ಪಟ್ಟೆಗಳಷ್ಟು ಹೊತ್ತು ಅದರಲ್ಲೇ ಬೆಚ್ಚಗೆ ಕೂತಿದ್ದ. ಆಮೇಲೆ ಉಸ್ತಿನ್ಯಾ ತಿರುಗುವಾಗ, ಎಂಜಿನ್ನಿಗೇ ಎಂಬಂತೆ, "ಬಾ ನನ್ನ ಮುದ್ದೂ, ಬಾ, ಇನ್ನು ಸ್ವಲ್ಪ" ಎಂದದ್ದು ಗಾಳಿಯಲ್ಲಿ ಬಂತು. ಆ ಹಿತದೊಳಗೆ ಕೂತಿದ್ದವನು ಒಬ್ಬ ಹೆಂಗಸು ಸಾಯುವುದನ್ನು ನೋಡಲು ಕಾಯುತ್ತಿದ್ದನೆಂದು ಆಗ ಅವನಿಗೆ ಗೊತ್ತಾಯಿತು.

ಅವನು ಹೋಗಿ ರೋಲರಿನ ಮುಂದೆ ಹುಲ್ಲಿನ ಮೇಲೆ ಕೂತುಬಿಟ್ಟ. ಯಾಕೆ ನಿಲ್ಲದೆ ಕೂತನೋ ಅವನಿಗೇ ತಿಳಿಯದು, ಕಾಲು ಹಾಗೆ ಮಾಡಿದವು. ಕಬ್ಬಿಣದ ಉರುಳೆ ಎರಡು ಮಾರು ದೂರದಲ್ಲಿ ಸೀನಿ ನಿಂತಿತು.

"ಏಯ್ ಹುಚ್ಚಾ! ಸಾಯೋಕೆ ಬೇರೆ ಜಾಗ ಇಲ್ವಾ? ಏಳೋ! ಕುಡಿದಿದೀಯಾ ಹಗಲಲ್ಲೇ?"

ಮೆಟ್ಟಿಲ ಮೇಲೆ ನಗು ಎದ್ದಿತು. "ಪ್ರೇಮ ನಿವೇದನೆ ಮಾಡ್ತಿದಾನೆ ಅಕ್ಕ, ಒಪ್ಕೊಂಡ್ಬಿಡು!"

"ಎಂಜಿನ್ ನಿಲ್ಸು," ಎಂದ ನಜಾರ್. "ಆ ಮೂಲೇಲಿ ನೆಲಬಾಂಬ್ ಇರಬಹುದು. ನಾನು ನೋಡಿಲ್ಲ. ನೋಡಿದೆ ಅಂತ ಸಹಿ ಹಾಕಿದೆ."

ಮಾತು ಬಹಳ ಚಿಕ್ಕದಾಗಿತ್ತು. ನಾಲ್ಕು ವರ್ಷ ಅದು ತನ್ನೊಳಗೆ ಎಷ್ಟು ದೊಡ್ಡದಾಗಿತ್ತು, ಹೊರಬಂದಾಗ ಒಂದು ಉಸಿರಿನಷ್ಟೂ ಇರಲಿಲ್ಲ. ಉಸ್ತಿನ್ಯಾ ಅಗಿಯುವುದನ್ನು ನಿಲ್ಲಿಸಿದಳು. ಎಂಜಿನ್ ಆರಿಸಿ, ಹಿಂದಕ್ಕೆ ತಾನು ಬಂದ ಪಟ್ಟೆಯ ಮೇಲೆಯೇ ಇಳಿದು, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹೊರಗೆ ನಡೆದಳು. ಹಾಗೆ ನಡೆಯುವುದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ನಗು ನಿಂತಿತ್ತು. ಕೊರ್ನೇಯ್ ಫೊಮಿಚ್ ಓಡಿ ಬಂದ, ಅರ್ಥವಾಗಲು ಅವನಿಗೆ ಎರಡು ಸಲ ಹೇಳಬೇಕಾಯಿತು. ಎಲ್ಲರನ್ನೂ ಮೆಟ್ಟಿಲುಗಳ ಹಿಂದೆ ಕಳಿಸಿದರು. ಸೈನ್ಯದವರಿಗೆ ಹೇಳಿಕಳಿಸಿ, ಅವರು ಬರುವವರೆಗೆ ಕಾಯಿರಿ ಎಂದು ಯಾರೋ ಹೇಳಿದರು. ನಜಾರ್ ಕಾಯಲಿಲ್ಲ. ಸ್ಪಿರಿದೋನನ ಬಳಿ ಮೀನು ಸುಡುವ ಉದ್ದನೆಯ ಸಲಾಕೆ ಇತ್ತು. ಮುದುಕ ಅದನ್ನು ಕೊಡುವಾಗ, "ಆವತ್ತು ನಾನು ಇಲ್ಲೇ ಇದ್ದೆ ಕಣೋ," ಎಂದ. "ನೀವಿಬ್ಬರು ಆಡ್ತಿದ್ರಿ. ಗೋಡೆ ಹಿಂದಿಂದ ನೋಡ್ದೆ. ಎರಡು ವರ್ಷದ ಮೇಲೆ ಇಲ್ಲಿ ಯಾರೋ ಚೆಂಡು ಒದ್ದಿದ್ದು. ನಾನು ಅತ್ತುಬಿಟ್ಟೆ." ನಜಾರ್ ಸಲಾಕೆ ಹಿಡಿದು ಹೋದ.

ಮೊಣಕಾಲೂರಿದಾಗ ನೆಲದ ವಾಸನೆ ಬಂತು. ಓರೆಯಾಗಿ, ಮೆಲ್ಲಗೆ. ಒಂದು ಗೇಣು, ಇನ್ನೊಂದು ಗೇಣು. ಯಾರೂ ತುಳಿಯದಿರಲೆಂದು ಅವನು ಬೇಡಿಕೊಂಡಿದ್ದ ಹನ್ನೊಂದು ಹೆಜ್ಜೆಯ ಒಳಗೆ, ಇಷ್ಟು ವರ್ಷದ ಮೇಲೆ ಮೊದಲ ಸಲ, ಮೊಣಕಾಲಿನ ಮೇಲೆ ಪ್ರವೇಶಿಸಿದ. ಎಷ್ಟು ಹೊತ್ತಾಯಿತೋ, ಅದು ಕನಸಿನ ಹೊತ್ತಿನಂತೆಯೇ ಇತ್ತು, ಎಳೆದಷ್ಟೂ ಬರುವಂಥದು. ಒಂದು ಎರೆಹುಳು ಹೊರಬಂದು ಬಿಸಿಲು ನೋಡಿ ವಾಪಸು ಹೋಯಿತು. ಎಂಟನೆಯದು ಇರಬೇಕಾಗಿದ್ದ ಜಾಗದಲ್ಲಿ ಸಲಾಕೆ ಮೊಳದುದ್ದ ಇಳಿಯಿತು, ಏನೂ ತಾಕಲಿಲ್ಲ. ಪಕ್ಕದಲ್ಲಿ ಚುಚ್ಚಿದ. ಇಲ್ಲ. ಸುತ್ತ ಚುಚ್ಚಿದ. ಬರೀ ಮಣ್ಣು, ಮೆತ್ತಗಿನ, ಒಳ್ಳೆಯ ಮಣ್ಣು. ಹನ್ನೊಂದು ಹೆಜ್ಜೆಯೂ ಮುಗಿದಾಗ ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು.

"ಏನಾದ್ರೂ ಇದೆಯೇನೋ?" ಎಂದು ಮಕಾರ್ ದೂರದಿಂದ ಕೂಗಿದ.

"ಇಲ್ಲ."

ಮೆಟ್ಟಿಲ ಹಿಂದೆ ಯಾರೋ ಶಿಳ್ಳೆ ಹಾಕಿದರು, ಯಾರೋ ಬಯ್ದರು, ನಗು ಮತ್ತೆ ಹುಟ್ಟಿತು, ಈ ಸಲ ಬೆವರಿನ, ಬಿಡುಗಡೆಯ ನಗು. ನಜಾರ್ ಹುಲ್ಲಿನ ಮೇಲೆ ಕೂತಿದ್ದ. ತನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ತಾನು ಬಾಗಿ ಓಡಿದ್ದು ಬರೀ ಮಣ್ಣಿಗೆ ಎಂದು ತಿಳಿದಾಗ ಮೈಯೆಲ್ಲ ಬರಿದಾಗಿ, ನಾಚಿಕೆ ಕೂಡ ಇಲ್ಲದೆ, ಬಿಚ್ಚಿಟ್ಟ ಅಂಗಿಯಂತೆ ಇದ್ದ. ಏಳುವಾಗ ಕಣ್ಣು ಎದುರಿನ ಬೋಳು ಬಿಲ್ಲಿನ ಮೇಲೆ ಬಿತ್ತು. ತನ್ನ ಬೂಟು ಎರಡು ವರ್ಷ ಸವೆಸಿದ ದಾರಿ. ಆಗ, ಅವಸರವೇ ಇಲ್ಲದೆ, ಕೈಗೆ ಒಂದು ನೆನಪು ಬಂತು: ಏಳನೆಯದನ್ನು ತೆಗೆದಾಗ ಅದು ಸಾಲಿನಿಂದ ಒಂದು ಹೆಜ್ಜೆ ಒಳಗಿತ್ತು. ಆರನೆಯದೂ ಸ್ವಲ್ಪ. ಸಾಲು ನೇರವಾಗಿರಲಿಲ್ಲ. ಅದೂ ಬಾಗುತ್ತಿತ್ತು.

ಬೋಳು ದಾರಿಯ ಮೇಲೆ ಮತ್ತೆ ಮೊಣಕಾಲೂರಿದ. ಮೂರನೆಯ ಸಲ ಚುಚ್ಚಿದಾಗ, ನಾಲ್ಕೇ ಬೆರಳ ಆಳದಲ್ಲಿ, ಸಲಾಕೆ ನಿಂತಿತು. ಕಲ್ಲಿಗೆ ತಾಕಿದ ಸದ್ದು ಬೇರೆ. ಇದು ಬೇರೆ. ಅವನು ಬೆರಳಿನಿಂದ ಮಣ್ಣು ಸರಿಸಿದ; ತುಕ್ಕಿನ ದುಂಡು ಅಂಚು, ತಟ್ಟೆಯಷ್ಟು ಅಗಲ, ಯಾರದೋ ಹೂತುಹೋದ ಮುಖದಂತೆ ಮೇಲೆ ನೋಡುತ್ತಿತ್ತು. ಪ್ರತಿ ಭಾನುವಾರ, ಸುರಕ್ಷಿತವೆಂದುಕೊಂಡು, ಅವನು ಇದರ ಮೇಲೆಯೇ ಓಡಿದ್ದ. ಓಡಿ ಓಡಿ ಇದರ ಮೇಲಿನ ಮಣ್ಣನ್ನು ತೆಳ್ಳಗೆ ಮಾಡಿದ್ದ. ತನ್ನನ್ನು ತಡೆಯಲು ನಿಂತವರನ್ನೂ ಇದರ ಮೇಲೆಯೇ ನಿಲ್ಲಿಸಿದ್ದ. ಅವನಿಗೆ ನಗು ಬಂತು. "ಇದೆ!" ಎಂದು ಕೂಗಿದ. ಆಮೇಲೆ ಯಾರ ನೆನಪೂ ಇಲ್ಲದೆ ಕೈಗಳು ಕೆಲಸ ಮಾಡಿದವು. ಸುತ್ತಲ ಮಣ್ಣು ಬಿಡಿಸಿದವು, ಕೆಳಗೆ ತಂತಿ ಕಟ್ಟಿದೆಯೇ ಎಂದು ತಡವಿದವು, ನಡುವಿನ ಮುಚ್ಚಳದ ತುಕ್ಕನ್ನು ಉಗುಳಿನಿಂದ ನೆನೆಸಿ, ಅಂಗಿಯ ಒಳಗಿದ್ದ ಬ್ರೆಡ್ಡನ್ನು ತೆಗೆದು ಪಕ್ಕಕ್ಕಿಟ್ಟು, ಅಂಗಿಯ ತುದಿಯಿಂದ ಹಿಡಿದು, ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ತಿರುಗಿಸಿದವು. ಕೊನೆಗೆ ಬಾಂಬಿಗೆ ಕಿಡಿ ಕೊಡುವ ಒಳಗಿನ ಸಿಡಿಗೊಳವೆ ಅಂಗೈಗೆ ಬಂತು. ಹಿತ್ತಾಳೆ ಇನ್ನೂ ಹೊಳೆಯುತ್ತಿತ್ತು. ಅದಕ್ಕೆ ನೀರೇ ತಾಕಿರಲಿಲ್ಲ.

ಮುಂದಿನದೆಲ್ಲ ಸಾಮಾನ್ಯ ರೀತಿಯಲ್ಲಿ ನಡೆಯಿತು. ಸೈನ್ಯದವರು ಬಂದು ತಟ್ಟೆಯನ್ನು ಒಯ್ದರು, ನಜಾರನನ್ನೂ ಒಯ್ದರು. ಮೂರು ದಿನ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಅಧಿಕಾರಿಗಳು ಕೇಳಿದರು. ಆಡುತ್ತಿದ್ದೆ ಎಂದು ಅವನು ಎಲ್ಲರಿಗೂ ಹೇಳಿದ. ಏನು ಆಡುತ್ತಿದ್ದೆ? ಚೆಂಡು. ಯುದ್ಧದ ನಡುವೆ? ಹೌದು. ಒಬ್ಬ ಅಧಿಕಾರಿ ಅದನ್ನೂ ಬರೆದುಕೊಂಡ. ತಾನಾಗಿ ಹೇಳಿದನೆಂದು, ತಾನೇ ತೆಗೆದನೆಂದು ಜೈಲು ತಪ್ಪಿತು. ಸಾರ್ಜೆಂಟ್ ಪಟ್ಟಿಯನ್ನೂ ಒಂದು ಪದಕವನ್ನೂ ಕಿತ್ತುಕೊಂಡರು. ತಂಡದಿಂದ ತೆಗೆದರು, ಇನ್ನು ಮೇಲೆ ಬಂದರಿನಲ್ಲಿ ಮೂಟೆ ಹೊರುವ ಕೆಲಸ ಮಾತ್ರ. ಗೋಡೆಯ ಮೇಲೆ ಸುಣ್ಣ ಪೂರ್ತಿ ಬಿತ್ತು. ಭಾನುವಾರದ ಪಂದ್ಯ ಮುಂದಕ್ಕೆ ಹೋಯಿತು. ಲುಕೇರ್ಯಾ ಅವನು ಬಂದ ಸಂಜೆ ಬಾಗಿಲಲ್ಲೇ ನಿಲ್ಲಿಸಿ ಮುಖ ನೋಡಿದಳು. "ನನಗೆ ಹೇಳೋಕೇನಾಗಿತ್ತು? ನಾನು ನಿನ್ನ ಪಕ್ಕದಲ್ಲೇ ಮಲಗಿದ್ನಲ್ಲ," ಎಂದಳು. ಅವನು ಬೀದಿಯ ಕಡೆ ನೋಡಿದ. ಅವಳು ಒಳಗೆ ಹೋಗಿ ಸೊಪ್ಪಿನ ಸಾರು ಬಿಸಿಗಿಟ್ಟಳು. ಪಾತ್ರೆಗಳು ಅಂದು ಬೇಕಾದದ್ದಕ್ಕಿಂತ ಹೆಚ್ಚು ಸದ್ದು ಮಾಡಿದವು.

ಮಾರನೆಯ ಬೆಳಿಗ್ಗೆ ಅವನು ಬಂದರಿಗೆ ಹೊರಟಿದ್ದಾಗ ಸ್ಪಿರಿದೋನ್ ಏದುಸಿರು ಬಿಡುತ್ತ ಬಂದ. ರೋಲರ್ ಹೆಂಗಸು ಮೈದಾನಕ್ಕೆ ಇಳಿಯುತ್ತಿಲ್ಲವಂತೆ. ಸೈನ್ಯದವರು ಎರಡು ದಿನ ಯಂತ್ರ ಹಿಡಿದು ಗೇಣು ಗೇಣು ಶೋಧಿಸಿ ಕಾಗದ ಕೊಟ್ಟಿದ್ದಾರೆ, ಆದರೂ ಒಲ್ಲೆ ಎನ್ನುತ್ತಾಳಂತೆ. ನಜಾರ್ ಹೋದ. ಉಸ್ತಿನ್ಯಾ ತಣ್ಣಗಿನ ರೋಲರಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಕೆಳಗೆ ಕೊರ್ನೇಯ್ ಫೊಮಿಚ್ ಕಾಗದ ಹಿಡಿದು ನಿಂತಿದ್ದ, ನಜಾರನನ್ನು ನೋಡಿ ಕಾಗದದ ಕಡೆ ತಿರುಗಿದ.

"ಅಗೋ ಬಂದ. ಇವನು ಮುಂದೆ ನಡೀಲಿ. ನಾನು ಹಿಂದೆ ಬರ್ತೀನಿ."

"ಹುಚ್ಚೇನೇ ನಿನಗೆ? ಕರ್ನಲ್ ಸಹಿ ಇದೆ ಇದರ ಮೇಲೆ!" ಎಂದ ಕೊರ್ನೇಯ್ ಫೊಮಿಚ್.

"ಸಹಿ ನೋಡಿದೀನಿ. ನನ್ನ ಗಂಡ ಸತ್ತ ಕಾಗದದ ಮೇಲೂ ಕರ್ನಲ್ ಸಹಿ ಇತ್ತು, ಹೆಸರೇ ತಪ್ಪಿತ್ತು ಅದರಲ್ಲಿ."

"ನನ್ನನ್ನೇ ಯಾಕೆ?" ಎಂದ ನಜಾರ್. "ಸುಳ್ಳು ಹೇಳಿದೋನು ನಾನು."

"ಅದಕ್ಕೇ. ಹೇಳಿ ನಾಲ್ಕು ವರ್ಷ ನಿದ್ದೆಗೆಟ್ಟೋನು ಈ ಊರಲ್ಲಿ ನೀನೊಬ್ನೇ. ಮಿಕ್ಕೋರು ಚೆನ್ನಾಗಿ ನಿದ್ದೆ ಮಾಡ್ತಾರೆ. ನಡಿ, ನನಗೆ ಸಂಜೆಯೊಳಗೆ ಮುಗಿಸ್ಬೇಕು."

ಅವಳು ಎಂಜಿನ್ ಶುರು ಮಾಡಿದಳು. ನಜಾರ್ ಗೋಲಿನ ಕಂಬದ ಬಳಿಯಿಂದ ನಡೆಯತೊಡಗಿದ. ಹಿಂದೆ ಎಂಟು ಟನ್ ಕಬ್ಬಿಣ ನೆಲವನ್ನು ನಡುಗಿಸುತ್ತ ಬಂತು, ಅದರ ಬಿಸಿ ಬೆನ್ನಿಗೆ, ಎಣ್ಣೆಯ ವಾಸನೆ ಮೂಗಿಗೆ ತಾಕುತ್ತಿತ್ತು. ಮೆಟ್ಟಿಲ ಮೇಲೆ ತಂಡದ ಹುಡುಗರು ಕೂತಿದ್ದರು, ಯಾರೂ ಏನೂ ಕೂಗಲಿಲ್ಲ. ಒಂದು ಪಟ್ಟೆ ಮುಗಿದು ತಿರುಗಿದಾಗ ಕಡಲು ಎದುರಿಗೆ ಬಂತು, ಇನ್ನೊಂದು ಮುಗಿದಾಗ ಊರು. ಅವನು ಹುಲ್ಲನ್ನು ನೋಡುತ್ತ, ಇಬ್ಬನಿ ಬೂಟಿನ ಒಳಗೆ ಇಳಿಯುವುದನ್ನು ಅನುಭವಿಸುತ್ತ, ನಡೆದ.

"ಏಯ್, ತಿಂಡಿ ಆಗಿದ್ಯೇನೋ?" ಎಂದು ಉಸ್ತಿನ್ಯಾ ಎಂಜಿನ್ನಿನ ಮೇಲಿಂದ ಕಿರುಚಿದಳು.

ಅವನು ತಿರುಗದೆಯೇ ಇಲ್ಲವೆಂದು ತಲೆಯಾಡಿಸಿದ.

"ಈ ಸಾಲು ಮುಗೀಲಿ. ಮೀನಿದೆ, ಈರುಳ್ಳಿ ಇದೆ."

ಸಾಲು ಮುಗಿಯಲು ಇನ್ನೂ ಅರವತ್ತು ಹೆಜ್ಜೆಯಿತ್ತು. ಅವನು ಸ್ವಲ್ಪ ಬಿರುಸಾಗಿ ನಡೆದ.